ನಾಲ್ಕನೇ ನಂಬರನ್ನು ತುಳಿದದ್ದು

ಅಣ್ಣನನ್ನು ಮಣ್ಣು ಮಾಡಿ ಬಂದ ದಿನ ಪಿರಿಹಿರಳಿಗೆ ಅವನ ಮನೆ ಸಿಗಲಿಲ್ಲ.

ಬೀಗ ಹಾಕಿತ್ತು ಅಂತಲ್ಲ. ಯಾರೋ ಸೇರಿಕೊಂಡಿದ್ದರು ಅಂತಲೂ ಅಲ್ಲ. ಮನೆಯೇ ಇರಲಿಲ್ಲ. ಮೂರನೇ ನಂಬರು ಇತ್ತು, ಐದನೇ ನಂಬರು ಇತ್ತು. ನಡುವೆ ನಾಲ್ಕನೆಯದು ಇರಬೇಕಾದ ಕಡೆ ಸಿಮೆಂಟಿನ ದಿಮ್ಮಿಗಳು ಕೂತಿದ್ದವು. ದಿಮ್ಮಿಗಳ ನಡುವೆ ಬಿಸಿಲು ಕಾಣದೆ ಬಿಳಿಚಿಕೊಂಡ ಹುಲ್ಲು. ನೀರಿನ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಟೇಪು ಹಚ್ಚಿದ್ದರು.

ಅವಳ ಹಿಂದೆ ಎರಡು ವ್ಯಾನು ತುಂಬ ಜನ. ಬೆಳಗ್ಗೆ ತಮ್ಮೂರು ಹೊಕಿಯಾಂಗ ಬಿಟ್ಟವರು, ದಾರಿಯುದ್ದಕ್ಕೂ ಅತ್ತು, ನಕ್ಕು, ನಿದ್ದೆ ಹೋಗಿ, ಮೈಕೈ ನೋವು ಮಾಡಿಕೊಂಡು ಬಂದಿದ್ದರು. ಮುದುಕಿ ಮಾಕರೆತ ದೊಡ್ಡಮ್ಮ ಇದ್ದಳು. ಊರಿನ ಪಾದ್ರಿ ಇದ್ದ. ಹಿಂದಿನ ಸೀಟಿನ ಕೆಳಗೆ ಹಂದಿಮೂಳೆ ಹಾಕಿ ಸೊಪ್ಪು ಬೇಯಿಸಿದ ದೊಡ್ಡ ಪಾತ್ರೆ, ಟವೆಲಿನಲ್ಲಿ ಸುತ್ತಿದ ಕರಿದ ರೊಟ್ಟಿ, ಗೆಣಸು. ಸತ್ತವನ ಮನೆ ತುಳಿಯಬೇಕಿತ್ತು.

ಮಣ್ಣು ಮಾಡಿ ಬಂದಮೇಲೆ ಮನೆ ತುಳಿಯಲೇಬೇಕು. ಪಾದ್ರಿ ಪ್ರಾರ್ಥನೆ ಹೇಳುತ್ತ, ನೀರು ಚಿಮುಕಿಸುತ್ತ ಮುಂದೆ ಹೋಗುತ್ತಾನೆ. ಹಿಂದೆ ಎಲ್ಲರೂ ಒಂದು ಮೂಲೆ ಬಿಡದೆ ಕಾಲೂರಿ ನಡೆಯಬೇಕು. ಹೋದವನಿಗೆ ಹೋಗಪ್ಪಾ ಅಂತ, ಇರುವವರಿಗೆ ಇರಿ ಅಂತ. ಆಮೇಲೆ ಅದೇ ಮನೆಯೊಳಗೆ ಕೂತು ಉಣ್ಣಬೇಕು, ನಗಬೇಕು. ಅಲ್ಲಿಯವರೆಗೆ ಅಲ್ಲಿ ಯಾರೂ ಮಲಗುವಂತಿಲ್ಲ. ಇದನ್ನು ಮಾಡದೆ ಬಿಟ್ಟರೆ ಸತ್ತವನಿಗೂ ನೆಮ್ಮದಿಯಿಲ್ಲ, ಬದುಕಿದವರಿಗೂ ಇಲ್ಲ.

ಮಾಕರೆತ ದೊಡ್ಡಮ್ಮ ಕೋಲೂರಿಕೊಂಡು ಬಂದು ದಿಮ್ಮಿಗಳನ್ನು ನೋಡಿದಳು.

"ಎಲ್ಲೇ ಮನೆ?" ಅಂದಳು.

ಅಷ್ಟು ದೂರದಿಂದ ಕರೆತಂದ ಹಿರಿಯರ ಮುಂದೆ, ಅಣ್ಣನ ಮನೆ ಎಲ್ಲಿ ಹೋಯಿತು ಅಂತ ಗೊತ್ತಿಲ್ಲದೆ ನಿಂತಳಲ್ಲ, ಆ ನಾಚಿಕೆ ಪಿರಿಹಿರಳನ್ನು ಸುಟ್ಟುಹಾಕಿತು.

ಅಣ್ಣ ತಾಮತಿ ಬದುಕಿದ್ದಾಗ ಇದನ್ನೇ ಹೇಳಿ ನಗುತ್ತಿದ್ದ. "ಇದಕ್ಕೆ ಬುಡ ಇಲ್ಲ ಕಣೆ ಪಿರಿ. ನಾನು ಸತ್ತರೆ ನನ್ನನ್ನ ಮಣ್ಣು ಮಾಡೋದರೊಳಗೆ ಇದು ಎದ್ದು ಹೋಗಿರತ್ತೆ ನೋಡು," ಅನ್ನೋನು. ತಮಾಷೆ ಮಾಡೋಕೆ ಬೇರೆ ಏನೂ ಸಿಗಲಿಲ್ವಾ ನಿನಗೆ ಅಂತ ಅವಳು ಗದರುತ್ತಿದ್ದಳು.

ಆ ಜಾಗ ಹಳೇ ಬಸ್ ಡಿಪೋ. ಆಕ್ಲೆಂಡಿನ ನಟ್ಟನಡುವೆ, ಮೋಟಾರು ರಸ್ತೆಯ ಸೇತುವೆಯ ಕಂಕುಳಲ್ಲಿ. ವರ್ಷಗಟ್ಟಲೆ ಅಲ್ಲಿ ಇಲಿ, ಮುಳ್ಳು, ಒಡೆದ ಬಾಟಲಿ ಬಿಟ್ಟರೆ ಏನೂ ಇರಲಿಲ್ಲ. ಮುಂದೆ ಯಾವತ್ತೋ ಗಾಜಿನ ಕಟ್ಟಡ ಏಳಬೇಕಂತೆ. ಅಲ್ಲಿಯವರೆಗೆ ಸುಮ್ಮನೆ ಬಿದ್ದಿರುವ ಬದಲು ಮನೆಯಿಲ್ಲದವರಿಗೆ ಆಗಲಿ ಅಂತ ಯಾರೋ ಪುಣ್ಯಾತ್ಮರಿಗೆ ಹೊಳೆಯಿತು. ಲಾರಿಗಳ ಮೇಲೆ ಮರದ ಪೆಟ್ಟಿಗೆಗಳು ಬಂದವು. ಕ್ರೇನು ಎತ್ತಿ ದಿಮ್ಮಿಗಳ ಮೇಲೆ ಕೂರಿಸಿತು. ಒಂದು ಕೋಣೆ, ಒಂದು ಒಲೆ, ಒಂದು ಕಕ್ಕಸು, ಮುಂದೆ ಎರಡು ಮೆಟ್ಟಿಲು. ರಿಬ್ಬನ್ನು ಕತ್ತರಿಸಿದರು. ಫೋಟೋ ಪೇಪರಿನಲ್ಲಿ ಬಂತು.

ಸುಳ್ಳು ಯಾಕೆ ಹೇಳಬೇಕು, ಪೆಟ್ಟಿಗೆ ಚೆನ್ನಾಗಿಯೇ ಇತ್ತು. ವ್ಯಾನಿನೊಳಗೆ ಕಾಲು ಮಡಚಿ ಮಲಗಿದವಳಿಗೆ, ಮೋಟೆಲಿನ ಬೂಷ್ಟು ಹಿಡಿದ ಗೋಡೆಗೆ ಮುಖ ಕೊಟ್ಟು ಮಲಗಿದವಳಿಗೆ, ಒಳಗಿಂದ ಚಿಲಕ ಹಾಕಿಕೊಳ್ಳುವ ಬಾಗಿಲಿನ ಬೆಲೆ ಗೊತ್ತು. ಪಿರಿಹಿರ ಮೊದಲ ದಿನ ಐದನೇ ನಂಬರಿನ ಬಾಗಿಲು ಹಾಕಿಕೊಂಡು, ಕಾಲು ಚಾಚಿ ಮಲಗಿ, ಅತ್ತಿದ್ದಳು. ಪಕ್ಕದ ನಾಲ್ಕನೇ ನಂಬರು ಅಣ್ಣನಿಗೆ ಸಿಕ್ಕಿದ್ದು ಅವಳ ಅದೃಷ್ಟ.

ಆದರೆ ಬೇರು ಬಿಡುವಂತಿಲ್ಲ. ಗಿಡ ಬೇಕೆಂದರೆ ಬಕೆಟ್ಟಿನಲ್ಲಿ ಹಾಕಿಕೊಳ್ಳಬೇಕು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ವಿಸಿಟರ್ಸ್ ಇಬ್ಬರಿಗಿಂತ ಜಾಸ್ತಿ ಬರುವಂತಿಲ್ಲ. ಬಂದವರು ಗೇಟಿನಲ್ಲಿ ಪುಸ್ತಕಕ್ಕೆ ಸಹಿ ಹಾಕಬೇಕು, ಕತ್ತಲಾಗುವ ಮುಂಚೆ ಹೊರಡಬೇಕು. ಮಣ್ಣು ಮಾಡಿ ಬಂದವರು ಅಂತ ಅವತ್ತೊಂದು ದಿನ ಗೇಟಿನವನು ಎಲ್ಲರನ್ನೂ ಬಿಟ್ಟಿದ್ದ. ಮೊಮ್ಮಕ್ಕಳು ಬಂದರೆ ಅವರೂ ವಿಸಿಟರ್ಸೇ. ಈ ನೆಲದ ಮೂಲದವರಾದ ನಮ್ಮ ಜನದ ಮನೆಗೆ ಇಬ್ಬರೇ ಬಂದರೆ ಅದಕ್ಕೆ ಬಂದರು ಅಂತ ಅನ್ನುವುದಿಲ್ಲ, ದಾರಿ ತಪ್ಪಿದರು ಅನ್ನುತ್ತಾರೆ.

ತಾಮತಿ ಒಂದು ಮೊಳೆ ಹೊಡೆದ. ಬಾಗಿಲ ಪಕ್ಕ, ಟೋಪಿ ತಗಲಿಹಾಕುವುದಕ್ಕೆ. ಒಂದೇ ಒಂದು. ಅದಕ್ಕೆ ಎಚ್ಚರಿಕೆಯ ಪತ್ರ ಬಂತು. ಅವನು ಆ ಪತ್ರವನ್ನೂ ಅದೇ ಮೊಳೆಗೆ ಚುಚ್ಚಿ, ಅದರ ಮೇಲೆ ಟೋಪಿ ಹಾಕಿದ.

ತಲೆಯ ಮೇಲಿನ ಆ ಸೇತುವೆಗೆ ಕಾಂಕ್ರೀಟು ಸುರಿದವರಲ್ಲಿ ತಾಮತಿಯೂ ಒಬ್ಬ. ಮೀಸೆ ಮೂಡುವ ಮುಂಚೆ ಕೂಲಿ ಹುಡುಕಿಕೊಂಡು ಊರು ಬಿಟ್ಟು ಬಂದವನು. ಸೇತುವೆ ಬರುವ ಮೊದಲು ಆ ಇಳಿಜಾರಿನಲ್ಲಿ ಓಣಿಗಳಿದ್ದವು, ನಮ್ಮ ಜನ ಬಾಡಿಗೆಗಿದ್ದ ಮರದ ಮನೆಗಳಿದ್ದವು. ಮನೆ ಒಡೆಸಿಕೊಂಡವರೂ ನಮ್ಮವರೇ, ಹೊಟ್ಟೆಪಾಡಿಗೆ ಹಾರೆ ಹಿಡಿದು ಒಡೆದವರೂ ನಮ್ಮವರೇ. ತಾನು ಬಾಡಿಗೆಗಿದ್ದ ಮನೆಯ ಮೆಟ್ಟಿಲನ್ನು ತಾನೇ ಕಿತ್ತೆ ಅಂತ ಅವನು ಹೇಳುತ್ತಿದ್ದ. ಧೂಳು ಕುಡಿದು ಕುಡಿದು ಎದೆ ಕೆಟ್ಟಿತು. ಕೊನೆಗೆ ಅದೇ ಸೇತುವೆಯ ಕೆಳಗೆ ಕೂತು ಕೆಮ್ಮಿದ. ಮೇಲೆ ಲಾರಿ ಹೋದಾಗಲೆಲ್ಲ ಪೆಟ್ಟಿಗೆಯೊಳಗಿನ ಲೋಟಗಳು ಗಡಗಡ ಅನ್ನುತ್ತಿದ್ದವು.

ಪಿರಿಹಿರ ಆಫೀಸು ಕಟ್ಟಡಗಳನ್ನು ಗುಡಿಸಿ ಒರೆಸುವವಳು. ನಸುಕಿನಲ್ಲಿ ಎದ್ದು ಹೋಗಿ, ಕೋಟಿನವರು ಬರುವುದರೊಳಗೆ ಅವರ ಕಕ್ಕಸು ತಿಕ್ಕಿ, ಕಸದ ಬುಟ್ಟಿ ಖಾಲಿ ಮಾಡಿ, ಕಣ್ಣಿಗೆ ಬೀಳದ ಹಾಗೆ ಹೊರಗೆ ಬರಬೇಕು. ಮೊಣಕಾಲಿನ ಚಿಪ್ಪು ಸವೆದಿದೆ. ಅಣ್ಣ ತೀರಿಕೊಂಡ ದಿನವೂ ಕೆಲಸ ಮುಗಿಸಿ ಬಂದು, ಚಹಾ ಹಿಡಿದುಕೊಂಡು ನಾಲ್ಕನೇ ನಂಬರಿನ ಬಾಗಿಲು ತಟ್ಟಿದಳು. ಕೆಮ್ಮು ಕೇಳಲಿಲ್ಲ. ಬಾಗಿಲು ತೆಗೆಯುವ ಮೊದಲೇ ಅವಳಿಗೆ ಗೊತ್ತಾಯಿತು.

ಹೆಣವನ್ನು ಊರಿಗೆ ಒಯ್ಯಬೇಕು. ಹಿರಿಯರ ಮನೆಯಲ್ಲಿ ಮಲಗಿಸಬೇಕು. ಜನ ಬರಬೇಕು, ಅಳಬೇಕು, ಸತ್ತವನನ್ನು ಮುಖಕ್ಕೆ ಮುಖ ಬೈಯಬೇಕು, ಹಾಡಬೇಕು. ಹೊರಡುವ ಮುಂಚೆ ಪಿರಿಹಿರ ನಾಲ್ಕನೇ ನಂಬರಿನ ಪರದೆ ಎಳೆದು ಬೀಗ ಹಾಕಿದಳು. ಇಲ್ಲಿ ಸಾವಾಗಿದೆ ಅನ್ನುವ ಗುರುತಿಗೆ ಬಾಗಿಲ ಹಿಡಿಗೆ ಹಸಿರು ಟೊಂಗೆ ಸಿಕ್ಕಿಸಿದಳು. ಆಮೇಲೆ ಕೀಲಿಯನ್ನು ರೊವೀನಳ ಕೈಗೆ ಕೊಟ್ಟಳು.

ಅಲ್ಲೇ ಅವಳು ಕೆಟ್ಟದ್ದು. ರೊವೀನ ಅಂದರೆ ಆ ಪೆಟ್ಟಿಗೆಗಳನ್ನೆಲ್ಲ ನೋಡಿಕೊಳ್ಳುವ ಸಂಸ್ಥೆಯ ಹೆಂಗಸು. ಕೆಟ್ಟವಳೇನಲ್ಲ. ನಗುತ್ತಾಳೆ, ಹೆಗಲು ಮುಟ್ಟುತ್ತಾಳೆ, ಹೇಗಿದೀರಿ ಅಂತ ಕೇಳಿ ಉತ್ತರ ಬರುವಷ್ಟರಲ್ಲಿ ಮುಂದಿನ ಬಾಗಿಲಿಗೆ ಹೋಗಿರುತ್ತಾಳೆ. "ನಾವು ಬರೋವರೆಗೂ ಯಾರೂ ಒಳಗೆ ಹೋಗಬಾರದು. ಇದು ನಿಮ್ಮ ಹತ್ರ ಇರಲಿ," ಅಂದಿದ್ದಳು ಪಿರಿಹಿರ. ಖಂಡಿತ, ಖಂಡಿತ ಅಂದಿದ್ದಳು ರೊವೀನ. ನಮ್ಮಲ್ಲಿ ಒಂದು ವಸ್ತುವನ್ನು ಕೈಗೆ ಕೊಟ್ಟರೆ ಕಾಯಲು ಕೊಟ್ಟ ಹಾಗೆ. ಸಂಸ್ಥೆಯಲ್ಲಿ ಕೀಲಿ ಕೈಗೆ ಬಂತೆಂದರೆ ಮನೆ ಖಾಲಿಯಾಯಿತು ಅಂತ ಅರ್ಥ.

ಈಗ ದಿಮ್ಮಿಗಳ ಮುಂದೆ ನಿಂತವರಿಗೆ ಮೂರನೇ ನಂಬರಿನ ಮುದುಕ ಹೊರಗೆ ಬಂದು ನಡೆದದ್ದನ್ನು ಹೇಳಿದ. ನೀವು ಅಲ್ಲಿ ಅಳುತ್ತಿದ್ದಾಗ ಇಲ್ಲಿಗೆ ಕ್ರೇನು ಬಂತು. ಮೊದಲು ಕೈಗವಸಿನವರು ಬಂದು ತಾಮತಿಯ ಬಟ್ಟೆ, ಲೋಟ, ಹಾಸಿಗೆ ಎಲ್ಲ ಕಪ್ಪು ಚೀಲಗಳಿಗೆ ತುಂಬಿ ಕಸದ ತೊಟ್ಟಿಗೆ ಎಸೆದರು. ಆಮೇಲೆ ಮನೆಗೆ ಸರಪಳಿ ಬಿಗಿದು ಎತ್ತಿದರು. ಎಲ್ಲಿಗೆ ಅಂತ ಕೇಳಿದರೆ ಇನ್ನೊಂದು ಖಾಲಿ ಜಾಗಕ್ಕೆ, ಇಲ್ಲಿ ಖಾಲಿಯಾದ ಮನೆಯನ್ನೆಲ್ಲ ಹಾಗೇ ಎತ್ತುವುದು ಅಂದರು. ಇದನ್ನು ಹೇಳಿ ಅವನು ಒಳಗೆ ಹೋಗಿ ತಾಮತಿಯ ಟೋಪಿ ತಂದುಕೊಟ್ಟ. ತೊಟ್ಟಿಯಿಂದ ಎತ್ತಿಕೊಳ್ಳೋಕೆ ಇದೊಂದೇ ಕೈಗೆ ಸಿಕ್ಕಿತು ಅಂದ. ಪಿರಿಹಿರ ಟೋಪಿ ಇಸಿದುಕೊಂಡು ದಿಮ್ಮಿಯ ಮೇಲೆ ಕೂತುಬಿಟ್ಟಳು.

ಫೋನು ಹಚ್ಚಿದಳು. ಸಂಗೀತ ಬಂತು. ನಿಮ್ಮ ಕರೆ ನಮಗೆ ಮುಖ್ಯ ಅಂತ ಒಂದು ಹೆಣ್ಣುದನಿ ಬಂತು. ಮತ್ತೆ ಸಂಗೀತ. ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ. ಸತ್ತವನ ಮನೆ ಕಳೆದುಹೋಗಿದ್ದರೆ ಎಷ್ಟು ಒತ್ತಬೇಕು ಅಂತ ಅದು ಹೇಳಲಿಲ್ಲ. ಕೊನೆಗೆ ಒಬ್ಬ ಸಿಕ್ಕಿ, ರೊವೀನ ಮನೆಗೆ ಹೋಗಿದ್ದಾಳೆ, ಬೆಳಗ್ಗೆ ಬನ್ನಿ ಅಂದ. ಜನರೆಲ್ಲ ಪರಿಚಯದ ಚರ್ಚೊಂದರ ಹಾಲಿನಲ್ಲಿ ನೆಲದ ಮೇಲೆ ಮಲಗಿದರು. ಪಾತ್ರೆಯ ಮುಚ್ಚಳ ತೆಗೆಯಲಿಲ್ಲ. ಆ ಊಟ ಆ ಮನೆಯದು.

ಮರುದಿನ ಪಿರಿಹಿರ ಮಾಕರೆತ ದೊಡ್ಡಮ್ಮನನ್ನು ಕರೆದುಕೊಂಡು ಸಂಸ್ಥೆಯ ಆಫೀಸಿಗೆ ಹೋದಳು. ಕಾದರು. ಕಾಯುವವರಿಗೆ ಅಂತ ಬಿಸ್ಕತ್ತು ಇಟ್ಟಿದ್ದರು. ರೊವೀನ ಬಂದು ಇಬ್ಬರ ಕೈಯನ್ನೂ ಹಿಡಿದು, ತುಂಬ ದುಃಖ ಆಯ್ತು ಅಂದಳು. ಕಣ್ಣಲ್ಲಿ ನೀರು ಕೂಡ ಬಂತು. ಅದೇ ತೊಂದರೆ. ಬೈಯೋಣ ಅಂದರೆ ಬೈಯುವುದಕ್ಕೂ ಜಾಗ ಬಿಡುವುದಿಲ್ಲ ಇಂಥವರು.

"ಮನೆ ಎಲ್ಲಿದೆ ಅಂತ ಹೇಳಿ, ಸಾಕು," ಅಂದಳು ಪಿರಿಹಿರ.

ಅದನ್ನು ಹೇಳುವ ಹಾಗಿಲ್ಲವಂತೆ. ಅಲ್ಲಿ ಈಗ ಬೇರೆ ಸಂಸಾರವಿದೆ. ಅವರ ವಿಳಾಸ ಅವರ ಖಾಸಗಿ ವಿಷಯ. ಮನೆಗಾಗಿ ಕಾಯುತ್ತಿರುವವರು ಎಷ್ಟೋ ಜನ, ಒಂದು ದಿನವೂ ಖಾಲಿ ಇಡುವುದಕ್ಕೆ ಆಗುವುದಿಲ್ಲ, ನಿಮಗೇ ಗೊತ್ತಲ್ಲ ಅಂದಳು ರೊವೀನ. ಕೀಲಿ ನೀವೇ ಕೊಟ್ಟಿರಿ ಅಂದಳು. ಕಾಯೋಕೆ ಕೊಟ್ಟೆ ಅಂದಳು ಪಿರಿಹಿರ. ರೊವೀನ ತಲೆಯಾಡಿಸಿದಳು. ಅರ್ಥವಾದವಳ ಹಾಗೆ ತಲೆಯಾಡಿಸುವುದು ಅವಳಿಗೆ ಚೆನ್ನಾಗಿ ಬರುತ್ತದೆ.

ದೊಡ್ಡಮ್ಮ ಕೇಳಿದಳು. "ಅಲ್ಲಿ ಮಕ್ಕಳಿದಾವಾ?"

"ಇದಾರೆ. ಯಾಕೆ?"

"ಅವನು ಸತ್ತ ಜಾಗದಲ್ಲಿ ಮಲಗಿಸಿದೀಯಾ ಮಕ್ಕಳನ್ನ?"

ಮನೆಯನ್ನು ಚೆನ್ನಾಗಿ ತೊಳೆಸಿದ್ದೇವೆ, ಹಾಸಿಗೆ ಹೊಸದು, ಔಷಧಿ ಹೊಡೆಸಿದ್ದೇವೆ ಅಂದಳು ರೊವೀನ. ಪಿರಿಹಿರಳಿಗೆ ನಗು ಬಂತು, ಕೆಟ್ಟ ನಗು. ಇಡೀ ಜೀವಮಾನ ತೊಳೆಯುವುದನ್ನೇ ಮಾಡಿದವಳ ಮುಂದೆ ತೊಳೆಸಿದೀವಿ ಅಂತಾರೆ.

ಆಗ ರೊವೀನ ಮುಖ ಅರಳಿಸಿಕೊಂಡು ಒಂದು ದಾರಿ ಹೇಳಿದಳು. "ಡಿಪೋದಲ್ಲಿ ಒಂಬತ್ತನೇ ನಂಬರು ಇವತ್ತಷ್ಟೇ ಖಾಲಿಯಾಗಿದೆ. ಅದೇ ಅಳತೆ, ಅದೇ ಬಣ್ಣ, ಏನೂ ವ್ಯತ್ಯಾಸ ಇಲ್ಲ. ನಿಮ್ಮ ಕಾರ್ಯಾನ ಅಲ್ಲೇ ಮಾಡ್ಕೊಳ್ಳಿ. ಹತ್ತು ಜನಕ್ಕೆ ನಾನು ಪರ್ಮಿಷನ್ ಕೊಡಿಸ್ತೀನಿ."

ದೊಡ್ಡಮ್ಮ ಅವಳನ್ನೇ ನೋಡಿದಳು. "ಮಗಳೇ, ಇನ್ಯಾರದೋ ಹೆಣ ತೋರಿಸಿ, ಇದೂ ಅದೇ ಅಳತೆ ಇದೆ, ಇದನ್ನೇ ತಬ್ಕೊಂಡು ಅಳಿ ಅಂತೀಯಲ್ಲ," ಅಂದಳು.

ರೊವೀನಳ ಮುಖ ಕೆಂಪಾಯಿತು. ಆಮೇಲಿನ ಮಾತುಗಳನ್ನು ಅವಳು ಪಿರಿಹಿರಳಿಗೆ ಮಾತ್ರ ಹೇಳಿದಳು, ಮೆಲ್ಲಗೆ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಅಂತ. ಜನ ಕಟ್ಟಿಕೊಂಡು ಯಾವುದೇ ಜಾಗಕ್ಕೆ ನುಗ್ಗಿದರೆ ನಿಯಮ ಮುರಿದ ಹಾಗೆ. ನಿಯಮ ಮುರಿದರೆ ನಿಮ್ಮ ಐದನೇ ನಂಬರೂ ಉಳಿಯುವುದಿಲ್ಲ. ಈ ವಯಸ್ಸಲ್ಲಿ ಮತ್ತೆ ವ್ಯಾನಿಗೆ ಹೋಗುತ್ತೀರಾ ಅಂತ ಕೇಳಿದಳು. ಪಿರಿಹಿರ ದೊಡ್ಡಮ್ಮನನ್ನು ಕರೆದುಕೊಂಡು ಹೊರಗೆ ಬಂದು ಬಸ್ಸಿಗೆ ಕಾದಳು. ಒಂದು ಗೋಡೆಗೆ ತಲೆ ಚಚ್ಚಿಕೊಂಡರೆ ಸದ್ದಾದರೂ ಬರುತ್ತದೆ, ಇದು ಹತ್ತಿಯ ಮೂಟೆ.

ಆ ಮಧ್ಯಾಹ್ನ ಒಂದು ವ್ಯಾನು ಊರಿಗೆ ವಾಪಸ್ಸು ಹೋಯಿತು. ಕೆಲಸ ಇದ್ದವರು ಎಷ್ಟಂತ ಕಾಯುತ್ತಾರೆ? ಹೋಗುವಾಗ ಒಬ್ಬೊಬ್ಬರೂ ನಮ್ಮ ಪದ್ಧತಿಯಂತೆ ಪಿರಿಹಿರಳ ಮೂಗಿಗೆ ಮೂಗು ಒತ್ತಿ ಹೋದರು. ಬೈದು ಹೋಗಿದ್ದರೇ ವಾಸಿಯಿತ್ತು.

ಅದರ ಮರುದಿನ ದಿಮ್ಮಿಗಳನ್ನು ಒಯ್ಯಲು ಲಾರಿ ಬಂತು. ಮನೆ ಒಯ್ದ ಲಾರಿಯೇ. ಚಾಲಕ ಸಿಯೊಸಾಯ, ಟೊಂಗಾ ದ್ವೀಪದವನು, ಆನೆಯಂಥ ಆಳು. ಅವನು ಕೊಕ್ಕೆ ಇಳಿಸುವಷ್ಟರಲ್ಲಿ ಪಿರಿಹಿರ ಹೋಗಿ ಒಂದು ದಿಮ್ಮಿಯ ಮೇಲೆ ಕೂತಳು, ತೊಡೆಯ ಮೇಲೆ ಅಣ್ಣನ ಟೋಪಿ ಇಟ್ಟುಕೊಂಡು. ಎದ್ದೇಳಕ್ಕ ಅಂದ. ಏಳಲ್ಲ ಅಂದಳು. ನನ್ನ ಅಣ್ಣನ ಮನೆ ಎಲ್ಲಿಟ್ಟು ಬಂದೆ ಹೇಳು, ಏಳ್ತೀನಿ.

ಸಿಯೊಸಾಯ ಕೊಕ್ಕೆ ಬಿಟ್ಟು ಅವಳ ಪಕ್ಕದ ದಿಮ್ಮಿಯ ಮೇಲೆ ಕೂತ.

"ಬಾಗಿಲಿಗೆ ಸೊಪ್ಪು ಸಿಕ್ಕಿಸಿದ್ದು ನೋಡಿದೆ ಅಕ್ಕ. ನನಗೂ ಅರ್ಥ ಆಯ್ತು. ಆಫೀಸಿಗೆ ಫೋನ್ ಮಾಡಿ, ಇಲ್ಲಿ ಸಾವಾಗಿದೆ, ಎತ್ತಲಾ ಅಂತ ಕೇಳಿದೆ. ಎತ್ತು ಅಂದ್ರು. ಒಂದು ಪ್ರಾರ್ಥನೆ ಹೇಳಿ ಎತ್ತಿದೆ. ಅವತ್ತಿಂದ ನನಗೆ ಅನ್ನ ಸೇರ್ತಿಲ್ಲ."

ರೈಲು ಹಳಿಯ ಪಕ್ಕ, ಹಳೇ ಉಣ್ಣೆ ಗೋದಾಮಿನ ಹಿಂದಿನ ಖಾಲಿ ಜಾಗಕ್ಕೆ ಒಯ್ದು ಇಳಿಸಿದೆ ಅಂದ. ನಾನು ಹೇಳಿದೆ ಅನ್ನಬೇಡ, ಮನೇಲಿ ಮಕ್ಕಳಿದಾವೆ ಅಂದ. ಆಮೇಲೆ ಇನ್ನೊಂದು ವಿಷಯ ಹೇಳಿದ. ಆ ಮನೆ ಸಿಕ್ಕಿದ ಹೆಂಗಸಿನ ಹೆಸರು ತೆರಿನ. ತರನಾಕಿ ಕಡೆಯವಳು, ನಿಮ್ಮ ಜನವೇ. ಸಾವಿನ ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ಅವಳಿಗೆ ಹೇಳಿಬಿಟ್ಟೆ. ಅಂದಿನಿಂದ ಅವಳು ಮನೆಯೊಳಗೆ ಕಾಲಿಟ್ಟಿಲ್ಲ. ಮನೆಯ ಮುಂದೆಯೇ ಕಾರು ನಿಲ್ಲಿಸಿಕೊಂಡು, ಮಕ್ಕಳನ್ನು ತಬ್ಬಿಕೊಂಡು ಅದರಲ್ಲೇ ಮಲಗುತ್ತಿದ್ದಾಳೆ. ಸಂಸ್ಥೆಯವರು ಬಂದು, ಮನೆ ಕೊಟ್ಟರೂ ಇರುವುದಿಲ್ಲ ಅಂದರೆ ಬೇರೆಯವರಿಗೆ ಕೊಡುತ್ತೇವೆ ಅಂತ ಹೆದರಿಸಿ ಹೋಗಿದ್ದಾರೆ.

ಪಿರಿಹಿರ ಎದ್ದಳು. ಎದ್ದೇಳುವಾಗ ಮೊಣಕಾಲು ಲಟಕ್ ಅಂದಿತು. ದಿಮ್ಮಿಗಳನ್ನ ತಗೊಂಡು ಹೋಗು ಅಂದಳು. ಐದನೇ ನಂಬರು ಹೋದರೆ ಹೋಗಲಿ ಅಂತ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು. ವ್ಯಾನಿನಲ್ಲಿ ಮಲಗಿ ಅಭ್ಯಾಸವಿದೆ. ಅಣ್ಣನನ್ನು ಹೀಗೆ ಬೀದಿಪಾಲು ಮಾಡಿ ಬದುಕುವುದು ಅಭ್ಯಾಸವಿಲ್ಲ.

ಉಳಿದ ಒಂದು ವ್ಯಾನಿನಲ್ಲಿ ಒಬ್ಬರ ಮೇಲೊಬ್ಬರು ಕೂತು ಹೊರಟರು. ಮೂರನೇ ನಂಬರಿನ ಮುದುಕನೂ ಹತ್ತಿದ. ಪಾತ್ರೆಯಲ್ಲಿದ್ದದ್ದು ಹಳಸಿತ್ತು. ಚರ್ಚಿನ ಹೆಂಗಸರು ಬೆಳಗ್ಗೆಯೇ ಹೊಸದಾಗಿ ಮೂಳೆ ತಂದು ಸೊಪ್ಪು ಬೇಯಿಸಿ ಕೊಟ್ಟಿದ್ದರು.

ಗೋದಾಮಿನ ಹಿಂದೆ ತಂತಿಬೇಲಿ, ಗೇಟು. ಗೇಟಿನಲ್ಲಿ ಹಳದಿ ಜಾಕೀಟಿನ ಕಾವಲುಗಾರ, ಕೈಯಲ್ಲಿ ವಿಸಿಟರ್ಸ್ ಪುಸ್ತಕ. ಬೇಲಿಯಾಚೆ ಪೆಟ್ಟಿಗೆಗಳ ಸಾಲು. ಪಿರಿಹಿರ ಬೇಲಿಯಿಂದಲೇ ಗುರುತು ಹಿಡಿದಳು. ನಂಬರು ಬದಲಾಯಿಸಿದ್ದರು, ನಾಲ್ಕು ಹೋಗಿ ಹನ್ನೊಂದು ಆಗಿತ್ತು. ಆದರೆ ತಾಮತಿ ಸಿಗರೇಟು ಆರಿಸಿ ಆರಿಸಿ ಕರಿ ಹಿಡಿಸಿದ್ದ ಮೇಲಿನ ಮೆಟ್ಟಿಲು ಅದೇ. ಮುಂದೆ ಒಂದು ಹಳೇ ಕಾರು ನಿಂತಿತ್ತು, ಕಿಟಕಿಗಳಿಗೆ ಟವೆಲು ಕಟ್ಟಿತ್ತು.

ಕಾವಲುಗಾರ ಸಮೋವಾದ ಹುಡುಗ, ಮರ್ಯಾದಸ್ಥ. ತಲೆ ಬಗ್ಗಿಸಿಕೊಂಡೇ ಹೇಳಿದ. ಇಬ್ಬರನ್ನ ಬಿಡಬಹುದು ಅತ್ತೆ, ಒಳಗಿರೋರು ಒಪ್ಪಿದರೆ. ಇಷ್ಟು ಜನರನ್ನ ಬಿಟ್ಟರೆ ನನ್ನ ಕೆಲಸ ಹೋಗತ್ತೆ.

ಯಾರೂ ನುಗ್ಗಲಿಲ್ಲ. ಅವನನ್ನು ಯಾರೂ ಬೈಯಲಿಲ್ಲ. ನುಗ್ಗುವ ಜನವಲ್ಲ ನಾವು. ಯಾರದೇ ಅಂಗಳವಿರಲಿ, ಒಳಗಿನಿಂದ ಹೆಂಗಸೊಬ್ಬಳು ದನಿಯೆತ್ತಿ ಕರೆಯಬೇಕು, ಹೊರಗಿನ ಹೆಂಗಸು ಓಗೊಡಬೇಕು, ಆಮೇಲೆಯೇ ಕಾಲು ಎತ್ತಿಡುವುದು. ಕರೆಯದೆ ಹಡಗಿನಲ್ಲಿ ಬಂದಿಳಿದ ಬಿಳಿಯರು ಬೇರೆ. ಅವರ ಕಥೆ ಈ ದೇಶಕ್ಕೆಲ್ಲ ಗೊತ್ತು. ಮಾಕರೆತ ದೊಡ್ಡಮ್ಮ ಗೇಟಿನ ಮುಂದೆ ಕೋಲೂರಿ ನಿಂತಳು. ಎಲ್ಲರೂ ಅವಳ ಹಿಂದೆ ನಿಂತರು. ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಒಂದು ರೈಲು ಹೋಯಿತು.

ಕಾರಿನ ಬಾಗಿಲು ತೆರೆಯಿತು. ಮೂವತ್ತರ ಹೆಣ್ಣೊಬ್ಬಳು ಇಳಿದಳು. ಕೂದಲು ಕೆದರಿತ್ತು, ಸೊಂಟದ ಮೇಲೆ ಮಗು, ಸ್ಕರ್ಟು ಹಿಡಿದುಕೊಂಡು ಇನ್ನೊಂದು. ಬೇಲಿಯ ಕಡೆ ನೋಡಿದಳು. ಕರಿ ಬಟ್ಟೆಯ ಹೆಂಗಸರನ್ನು ನೋಡಿದಳು, ಮುದುಕಿಯ ತಲೆಯ ಮೇಲಿನ ಶೋಕದ ಸೊಪ್ಪಿನ ಮಾಲೆ ನೋಡಿದಳು, ಪಿರಿಹಿರಳ ಕೈಯ ಟೋಪಿ ನೋಡಿದಳು. ಬಂದವರು ಯಾರು ಅಂತ ಹೇಳಬೇಕಾಗಿರಲಿಲ್ಲ. ಮಗುವನ್ನು ಕೆಳಗಿಳಿಸಿ, ಮೆಟ್ಟಿಲ ಪಕ್ಕಕ್ಕೆ ಹೋಗಿ ನಿಂತು, ಅವಳು ಕರೆದಳು.

ಹಿಂದೆಂದೂ ಕರೆದಿರಲಿಲ್ಲವಂತೆ. ಅವಳ ಅಮ್ಮ ಕರೆಯುತ್ತಿದ್ದಳಂತೆ, ಅಜ್ಜಿ ಕರೆಯುತ್ತಿದ್ದಳಂತೆ. ದನಿ ನಡುವೆ ಒಡೆಯಿತು. ಮತ್ತೆ ಎತ್ತಿಕೊಂಡಳು. ಬನ್ನಿ, ನಿಮ್ಮ ಸತ್ತವರನ್ನು ಕರೆದುಕೊಂಡು ಬನ್ನಿ, ನಮ್ಮ ಸತ್ತವರ ಹತ್ತಿರ ಬನ್ನಿ ಅಂತ ಉದ್ದಕ್ಕೆ ಎಳೆದು ಕರೆದಳು. ಪೆಟ್ಟಿಗೆಗಳ ಬಾಗಿಲುಗಳು ಒಂದೊಂದೇ ತೆರೆದವು. ಮಾಕರೆತ ದೊಡ್ಡಮ್ಮನ ಒಣಗಿದ ಗಂಟಲಿನಿಂದ ಉತ್ತರ ಹೊರಟಿತು. ಆ ಮುದುಕಿಯ ಎದೆಯಲ್ಲಿ ಅಷ್ಟು ಗಾಳಿ ಎಲ್ಲಿತ್ತೋ.

ಕಾವಲುಗಾರ ಟೋಪಿ ತೆಗೆದ. ಗೇಟಿನ ಎರಡೂ ಬಾಗಿಲು ತೆರೆದು ಪಕ್ಕಕ್ಕೆ ನಿಂತ.

ನಿಧಾನವಾಗಿ ನಡೆದರು. ಪಾದ್ರಿ ಮೊದಲು ಒಳಗೆ ಹೋದ. ಔಷಧಿಯ ನಾತ ಮೂಗಿಗೆ ಹೊಡೆಯಿತು. ಅಷ್ಟು ಜನ ಒಟ್ಟಿಗೆ ಕಾಲಿಟ್ಟದ್ದಕ್ಕೆ ಪೆಟ್ಟಿಗೆ ಒಲೆದಾಡಿತು, ನೆಲದ ಹಲಗೆ ಕಿರುಗುಟ್ಟಿತು. ಒಂಟಿಯವರಿಗೆ ಅಂತ ಮಾಡಿದ ಮನೆ ಅದು. ಗೋಡೆಗೆ ಭುಜ ಉಜ್ಜಿಕೊಂಡು, ಒಬ್ಬರ ಬೆನ್ನಿಗೆ ಒಬ್ಬರ ಎದೆ ತಾಗಿಸಿಕೊಂಡು ತುಳಿದರು. ಒಲೆಯ ಮುಂದೆ ತುಳಿದರು. ಕಕ್ಕಸಿನೊಳಗೆ ತುಳಿದರು. ಹಾಸಿಗೆಯಿದ್ದ ಮೂಲೆಯಲ್ಲಿ ಪಿರಿಹಿರ ನಿಂತುಬಿಟ್ಟಳು. ಅಲ್ಲೇ ಅವನು ಮಲಗಿದ್ದದ್ದು, ಬಾಯಿ ತೆರೆದುಕೊಂಡು, ಗಾಳಿಗಾಗಿ. ಅವಳು ಆ ಜಾಗವನ್ನು ಕಾಲಿನಿಂದ ಗುದ್ದಿದಳು. ಮೊಣಕಾಲು ಸಿಡಿದರೂ ಬಿಡದೆ ಗುದ್ದಿದಳು. "ಹೋಗೋ ಅಣ್ಣ. ಇಲ್ಲಿ ಇರಬೇಡ. ಇವರು ನಿನ್ನನ್ನ ಎಲ್ಲೆಲ್ಲಿಗೋ ಹೊತ್ಕೊಂಡು ತಿರುಗ್ತಾರೆ, ಹೋಗು," ಅಂತ ಅತ್ತಳು, ಬೈದಳು, ಮತ್ತೆ ಅತ್ತಳು.

ಬಾಗಿಲ ಪಕ್ಕ ಮೊಳೆ ಹಾಗೇ ಇತ್ತು. ಎಲ್ಲವನ್ನೂ ಕಿತ್ತವರು ಅದನ್ನು ಕೀಳಲು ಮರೆತಿದ್ದರು. ಪಿರಿಹಿರ ಟೋಪಿ ಹಿಡಿದು ತೆರಿನಳ ಮುಖ ನೋಡಿದಳು. ಇರಲಿ ಬಿಡಿ ಅತ್ತೆ, ತಾತನ ಟೋಪಿ ಇಲ್ಲೇ ಇರಲಿ ಅಂದಳು ತೆರಿನ.

ಆಮೇಲೆ ಊಟ. ಒಳಗೆ ಹಿಡಿದಷ್ಟು ಜನ ಒಳಗೆ, ಉಳಿದವರು ಮೆಟ್ಟಿಲ ಮೇಲೆ, ಕಾರಿನ ಬಾನೆಟ್ಟಿನ ಮೇಲೆ. ಅಕ್ಕಪಕ್ಕದ ಪೆಟ್ಟಿಗೆಯವರೂ ತಟ್ಟೆ ಹಿಡಿದುಕೊಂಡು ಬಂದರು. ತಾಮತಿ ಎಚ್ಚರಿಕೆಯ ಪತ್ರವನ್ನು ಮೊಳೆಗೆ ಚುಚ್ಚಿದ್ದನ್ನು ಮೂರನೇ ನಂಬರಿನ ಮುದುಕ ಅಭಿನಯಿಸಿ ತೋರಿಸಿದ. ಜನ ಬಿದ್ದು ಬಿದ್ದು ನಕ್ಕರು. ತೆರಿನಳ ಚಿಕ್ಕದು ತಿನ್ನುತ್ತ ತಿನ್ನುತ್ತಲೇ ಹೊಸ ಹಾಸಿಗೆಯ ಮೇಲೆ ನಿದ್ದೆ ಹೋಯಿತು. ತೆರಿನ ಅದನ್ನು ನೋಡಿದಳು, ಎಬ್ಬಿಸಲಿಲ್ಲ.

ರೊವೀನ ಬಂದದ್ದು ಆಗ. ಯಾರು ಫೋನು ಮಾಡಿದ್ದರೋ. ಕೈಯಲ್ಲಿ ಕಾಗದ. ಮೆಟ್ಟಿಲವರೆಗೆ ಬಂದು ನಿಂತಳು. ಈ ಸಲ ಕಣ್ಣಲ್ಲಿ ನೀರಿರಲಿಲ್ಲ. ನಾನು ಎಷ್ಟು ಹೇಳಿದ್ದೆ ಪಿರಿಹಿರ ಅಂದಳು. ಇದು ಎಲ್ಲರ ಸುರಕ್ಷತೆಯ ಪ್ರಶ್ನೆ, ನೆಲದ ಹಲಗೆ ಇಷ್ಟು ಭಾರ ತಡೆಯುವುದಿಲ್ಲ, ನನ್ನ ಕೈಯಲ್ಲಿ ಏನೂ ಇಲ್ಲ ಅಂದಳು.

"ಐದನೇ ನಂಬರಿನ ಕೀಲಿ ಕೊಡಿ."

ನಗು ನಿಂತಿತು. ಪಿರಿಹಿರ ಕೈಯಲ್ಲಿದ್ದ ಮೂಳೆಯನ್ನು ತಟ್ಟೆಗೆ ಇಟ್ಟಳು. ಬೆರಳು ನೆಕ್ಕಿಕೊಂಡಳು. ಕೀಲಿ ದಾರಕ್ಕೆ ಪೋಣಿಸಿ ಕೊರಳಲ್ಲಿತ್ತು, ಅಂಗಿಯ ಒಳಗೆ.

"ಒಂದ್ಸಲ ಕೊಟ್ಟೆ," ಅಂದಳು. "ಏನಾಯ್ತು ಅಂತ ನೋಡಿದೆ. ಇನ್ನು ಕೊಡಲ್ಲ."

"ಹಾಗಂದ್ರೆ ಹೇಗೆ? ಇಷ್ಟೊಂದು ವಿಸಿಟರ್ಸನ್ನ ಕರ್ಕೊಂಡು ಬಂದು—"

ತೆರಿನ ಎದ್ದು ಬಾಗಿಲಿಗೆ ಬಂದಳು. ಅವಳಿಗೂ ಭಯವಿತ್ತು. ಈ ಮನೆ ಕೈಬಿಟ್ಟರೆ ಅವಳಿಗೂ ಮಕ್ಕಳಿಗೂ ಕಾರೇ ಗತಿ.

"ಇಲ್ಲಿ ವಿಸಿಟರ್ಸ್ ಯಾರೂ ಇಲ್ಲ," ಅಂದಳು. "ಇವರನ್ನ ನಾನು ಕರೆದೆ. ನಿಮ್ಮನ್ನ ಯಾರು ಕರೆದ್ರು?"

ರೊವೀನ ಸುತ್ತ ನೋಡಿದಳು. ಗೇಟಿನ ಹುಡುಗ ಯಾವಾಗಲೋ ಬಂದು ಅವಳ ಪಕ್ಕ ನಿಂತಿದ್ದ. ವಿಸಿಟರ್ಸ್ ಪುಸ್ತಕ ತೆರೆದು, ಪೆನ್ನು ಮೇಲಿಟ್ಟು, ಅವಳ ಮುಂದೆ ಹಿಡಿದ.

"ಪಾಪ, ಹಸಿದು ಬಂದಿರ್ತಾಳೆ. ಒಂದು ತಟ್ಟೆ ಕೊಡ್ರೇ," ಅಂದಳು ಒಳಗಿನಿಂದ ಮಾಕರೆತ ದೊಡ್ಡಮ್ಮ.

ಯಾರೋ ತಟ್ಟೆ ಕೊಟ್ಟರು. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಬಿಸಿ ತಟ್ಟೆ ಹಿಡಿದುಕೊಂಡು ರೊವೀನ ಮೆಟ್ಟಿಲ ಕೆಳಗೆ ನಿಂತಳು. ತಿನ್ನುವುದಕ್ಕೂ ಆಗಲಿಲ್ಲ, ಕಾಗದ ಕೊಡುವುದಕ್ಕೂ ಆಗಲಿಲ್ಲ. ಒಳಗೆ ಬಾ ಅಂತ ಯಾರೂ ಕರೆಯಲಿಲ್ಲ.

ಇದರಿಂದ ಎಲ್ಲ ಸರಿಹೋಯಿತು ಅಂತ ಅಂದುಕೊಳ್ಳಬೇಡಿ. ಕಾಗದಗಳು ಬರುತ್ತಲೇ ಇವೆ. ಪಿರಿಹಿರಳಿಗೂ ಬಂದವು, ತೆರಿನಳಿಗೂ ಬಂದವು. ಸಿಯೊಸಾಯನನ್ನು ಆ ಕೆಲಸದಿಂದ ತೆಗೆದರು, ಯಾರು ಬಾಯಿಬಿಟ್ಟರೋ ಗೊತ್ತಿಲ್ಲ. ಡಿಪೋದ ಮೇಲಿನ ಸೇತುವೆಯಲ್ಲಿ ಲಾರಿಗಳು ಹಾಗೇ ಓಡುತ್ತಿವೆ. ಮೂರು ಮತ್ತು ಐದರ ನಡುವೆ ಆ ಬಿಳಿಚಿದ ಹುಲ್ಲು ಈಗ ಹಸಿರಾಗಿದೆ.

ಆದರೆ ಅವತ್ತಿನಿಂದ ಐದನೇ ನಂಬರು ಒಂದು ಗಳಿಗೆಯೂ ಖಾಲಿ ಬಿದ್ದಿಲ್ಲ. ಪಿರಿಹಿರ ಕೆಲಸಕ್ಕೆ ಹೊರಟಾಗ ಮೂರನೇ ನಂಬರಿನ ಮುದುಕ ಬಂದು ಕೂರುತ್ತಾನೆ. ಅವನು ಎದ್ದರೆ ತೆರಿನ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾಳೆ. ಹೊಕಿಯಾಂಗದಿಂದಲೂ ಯಾರಾದರೊಬ್ಬರು ಬಂದಿರುತ್ತಾರೆ. ಕ್ರೇನು ಒಂದು ಸಲ ಬಂದಿತ್ತು. ಒಳಗೆ ಮಾಕರೆತ ದೊಡ್ಡಮ್ಮ ಚಹಾ ಕುಡಿಯುತ್ತ ಕೂತಿದ್ದಳು. ಸ್ವಲ್ಪ ಹೊತ್ತು ನಿಂತು ವಾಪಸ್ಸು ಹೋಯಿತು.

ಪಿರಿಹಿರ ಈಗಲೂ ನಸುಕಿನಲ್ಲಿ ಕೋಟಿನವರ ಕಕ್ಕಸು ತಿಕ್ಕುತ್ತಾಳೆ. ಮೊಣಕಾಲೂರಿ ಬಗ್ಗಿದಾಗ ಅಂಗಿಯೊಳಗಿನ ಕೀಲಿ ಎದೆಗೆ ಚುಚ್ಚುತ್ತದೆ. ತೆಗೆದು ಜೇಬಿಗೆ ಹಾಕಿಕೊಳ್ಳೇ ಅಂತ ಜೊತೆಯವರು ಹೇಳುತ್ತಾರೆ. ಚುಚ್ಚಲಿ ಬಿಡಿ ಅನ್ನುತ್ತಾಳೆ.